ಇದ್ದತ್ತಿನ ಕೋಣೆ

ನಮ್ಮ ಹಿಂದಿನ ಕೋಣೆಯಲ್ಲಿ ಗಂಡಸಿನ ದನಿ ಕೇಳುತ್ತಿದೆ ಎಂದು ಮೊದಲು ಹೇಳಿದವಳು ಪಕ್ಕದ ಮನೆಯ ತಾರವ್ವ. ಅವಳ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ತನ್ನ ಹಿತ್ತಲಲ್ಲಿ ಹೊರಸಿನ ಮೇಲೆ ಸಂಡಿಗೆ ಹರವಿ, ಕಾಗೆ ಓಡಿಸುತ್ತ ಕೂತಿದ್ದಳು. ನನ್ನ ಅತ್ತೆ ಮೆಹರುಬಿ ಬಟ್ಟೆ ಒಣಹಾಕಲು ಹೊರಗೆ ಬಂದದ್ದನ್ನು ನೋಡಿ ಗೋಡೆಯ ಆಚೆಯಿಂದ ಕೇಳಿದಳು.

"ಅಕ್ಕಾರ, ನಿಪ್ಪಾಣಿಯಿಂದ ನಿಮ್ಮ ಸೊಸಿ ಫರಹತನ ಅಣ್ಣ ಬಂದಾನೇನ್ರಿ?"

"ಇಲ್ಲಲ್ಲ. ಯಾಕ?"

"ಕೋಣ್ಯಾಗ ಯಾರೊ ಗಂಡಸು ಮಾತಾಡಿದಂಗ ಆತು. ನಿನ್ನೆ ಮಧ್ಯಾಹ್ನನೂ ಕೇಳಿತ್ತು. ದನಿ ಭಾಳ ಚಲೊ ಐತಿ ಬಿಡ್ರಿ. ನಮ್ಮನಿಯಾಂವ ಬಾಯಿ ತಗದ್ರ ಬರೇ ಕೆಮ್ಮು."

ತಾರವ್ವ ನಕ್ಕಳು. ಅತ್ತೆ ನಗಲಿಲ್ಲ. ಒಳಗೆ, ಬೆಳಕಿಂಡಿಯ ಕೆಳಗೆ, ನಾನೂ ನನ್ನ ನಾದಿನಿ ಅರ್ಶಿಯಾಳೂ ಅಲುಗದೆ ಕೂತಿದ್ದೆವು. ಹೊರಗೆ ಒದ್ದೆ ಬಟ್ಟೆ ಝಾಡಿಸುವ ಸದ್ದು ನಿಂತಿತ್ತು. ಆಗ ತಲೆ ಎತ್ತಿ ನೋಡಿದೆ. ಫ್ಯಾನು ತಿರುಗುತ್ತಿರಲಿಲ್ಲ. ಕರೆಂಟು ಯಾವಾಗ ಹೋಗಿತ್ತೋ ನಮಗೆ ಗೊತ್ತೇ ಆಗಿರಲಿಲ್ಲ.

ನಾನು ಇದ್ದತ್ತಿನಲ್ಲಿದ್ದೆ. ಗಂಡ ತೀರಿಕೊಂಡ ಹೆಂಗಸು ನಾಲ್ಕು ತಿಂಗಳು ಹತ್ತು ದಿನ ಮನೆಯಲ್ಲೇ ಇರಬೇಕು, ಹೊರಗಿನ ಗಂಡಸರ ಎದುರು ಬರಬಾರದು. ಕುಡಚಿಯ ನಮ್ಮ ಓಣಿಯಲ್ಲಿ ಇದನ್ನು ಬಿಗಿಯಾಗಿ ನಡೆಸುತ್ತಾರೆ. ಮಾವ ಮೀರಾಸಾಬರು ಗೋಣಿಚೀಲದ ವ್ಯಾಪಾರದವರು. ಹಳೆಯ ಚೀಲಗಳನ್ನು ಒಟ್ಟುತ್ತಿದ್ದ ಹಿಂದಿನ ಕೋಣೆಯನ್ನು ನನಗಾಗಿ ಖಾಲಿ ಮಾಡಿಸಿಕೊಟ್ಟರು. ಒಂದು ಮೂಲೆಯಲ್ಲಿ ಮಾತ್ರ ಚೀಲಗಳ ಒಟ್ಟಿಲು ಹಾಗೇ ಉಳಿಯಿತು. ಆ ಕೋಣೆಯ ಬಾಗಿಲನ್ನು ಯಾರೂ ತಟ್ಟುತ್ತಿರಲಿಲ್ಲ. ಮಾವ ಕೂಡ ಏನಾದರೂ ಕೇಳಬೇಕೆಂದರೆ ಹೊರಗಿನಿಂದಲೇ ಕೆಮ್ಮಿ ಮಾತಾಡಿಸುತ್ತಿದ್ದರು.

ಜನವರಿಯಲ್ಲಿ, ಕಬ್ಬಿನ ಹಂಗಾಮಿನಲ್ಲಿ, ಅಥಣಿ ರಸ್ತೆಯ ಮೇಲೆ ದೀಪವಿಲ್ಲದೆ ನಿಂತಿದ್ದ ಕಬ್ಬಿನ ಟ್ರೇಲರಿಗೆ ನನ್ನ ಗಂಡ ಜುನೇದನ ಬೈಕು ಬಡಿಯಿತು. ಅದರ ಬಗ್ಗೆ ಹೆಚ್ಚು ಬರೆಯಲಾರೆ. ಮಣ್ಣಾದ ಮೇಲೆ ನನಗೆ ಅಳು ಬರಲಿಲ್ಲ. ಹೆಂಗಸರು ಬಂದು ಅಪ್ಪಿಕೊಂಡು ಅತ್ತರು, ನಾನು ಅವರ ಬೆನ್ನು ಸವರಿದೆ. ತಟ್ಟೆ ಇಟ್ಟರೆ ಉಂಡೆ. ಬೆಳಗಾಯಿತು ಎಂದರೆ ಎದ್ದೆ. ಮೈಯಲ್ಲಿ ಯಾವ ಸದ್ದೂ ಇರಲಿಲ್ಲ.

ಅರ್ಶಿಯಾ ಜುನೇದನ ತಂಗಿ. ಇಪ್ಪತ್ತು ದಾಟಿದೆ. ರಾಯಬಾಗದಲ್ಲಿ ಬಿ.ಕಾಂ. ಓದುತ್ತಿದ್ದಳು, ಅಣ್ಣ ಹೋದ ಮೇಲೆ ಅವಳ ಕಾಲೇಜೂ ನಿಂತಿತು. ನನಗೆ ಊಟ ತರುವುದು, ನನ್ನ ಜೊತೆ ಇರುವುದು ಅವಳ ಕೆಲಸವಾಯಿತು. ಒಂದು ಮಧ್ಯಾಹ್ನ ತಟ್ಟೆ ಇಟ್ಟವಳು ಒಳಗಿನಿಂದ ಚಿಲಕ ಹಾಕಿದಳು.

"ಭಾಬಿ, ನಿನಗ ಒಂದು ಹೇಳಬೇಕು. ನೀ ಅಳೂದಿಲ್ಲ, ಚೀರೂದಿಲ್ಲ. ಅದಕ್ಕ ನಿನಗ ಹೇಳಾಕತ್ತೇನಿ."

"ಹೇಳು."

"ನಾ ಹುಡುಗಿ ಅಂತ ನಂಗ ಅನಿಸೂದಿಲ್ಲ. ಹುಡುಗ ಅಂತ ಗಟ್ಟಿ ಹೇಳಾಕೂ ಬರವಲ್ದು. ಸಣ್ಣಾಕಿ ಇದ್ದಾಗಿಂದ ಹಿಂಗ. ಯಾರದೊ ಅರಿವಿ ಉಟಗೊಂಡು ಯಾರದೊ ಮದಿವ್ಯಾಗ ಕೂತಂಗ ಆಗ್ತೈತಿ, ದಿನಾ."

ನಾನು ಅನ್ನ ಕಲಸುವುದನ್ನು ನಿಲ್ಲಿಸಿದೆ. ಅವಳೇ ಮಾತು ಹಗುರ ಮಾಡಲು ನೋಡಿದಳು.

"ಅಥಣಿ ಹುಡುಗನ ಫೋಟೊ ತೋರಿಸ್ಯಾರಲ್ಲ, ಮೊಬೈಲ್ ಅಂಗಡಿಯಾಂವಂದು? ಅದನ್ನ ನೋಡಿ ನಂಗ ಏನ್ ಅನಿಸ್ತು ಗೊತ್ತೈತೇನು? ಈ ಅಂಗಿ ಎಲ್ಲಿ ತಗೊಂಡಾನೊ, ನನ್ನ ಅಳತಿದು ಸಿಗಬಹುದೇನೊ ಅಂತ."

ನನಗೆ ನಗು ಬಂದಂತಾಯಿತು. ಅಷ್ಟರಲ್ಲಿ ಅವಳ ಮುಖ ಬದಲಾಯಿತು.

"ನಿನ್ನ ಇದ್ದತ್ ಮುಗದ ಮ್ಯಾಲ ಅವರು ನೋಡಾಕ ಬರ್ತಾರ. ಭಾಬಿ, ಹೊಳಿ ಬ್ರಿಜ್ ದಾಟೂವಾಗ ನಾ ಕಣ್ಣು ಮುಚ್ಚಕೊಂಡು ಕೂಡ್ತೇನಿ. ಹೆದರಿಕಿ ಆಗ್ತೈತಿ. ನೀರಿಂದಲ್ಲ. ನಂದ ನನಗ."

ಜುನೇದ ಹೋದ ಮೇಲೆ ನನಗೆ ಮೊದಲ ಸಲ ಹೆದರಿಕೆಯಾದದ್ದು ಆಗ. ಕೃಷ್ಣೆಯ ಸೇತುವೆ, ಬಸ್ಸಿನ ಕಿಟಕಿ, ಕಣ್ಣು ಮುಚ್ಚಿ ಕೂತ ಈ ಹುಡುಗಿ. ಅನ್ನದ ಕೈಯಲ್ಲೇ ಅವಳ ಕೈ ಹಿಡಿದುಕೊಂಡೆ. ಈ ಮನೆಯಿಂದ ಇನ್ನೊಬ್ಬರು ಹೋಗಬಾರದು ಎಂಬುದೊಂದೇ ತಲೆಯಲ್ಲಿ ಬಡಿಯುತ್ತಿತ್ತು.

ಮರುದಿನ ಶೈಲಾಗೆ ಫೋನ್ ಮಾಡಿದೆ. ಬೆಳಗಾವಿಯ ವಿಶ್ವವಿದ್ಯಾಲಯದ ಹಾಸ್ಟೆಲಿನಲ್ಲಿ ನನಗಿಂತ ಮುಂದಿನ ವರ್ಷದವಳು. ಈಗ ಚಿಕ್ಕೋಡಿಯಲ್ಲಿ ಮನಸ್ಸಿನ ತೊಂದರೆಗಳಿಗೆ ಆಪ್ತಸಮಾಲೋಚನೆ ಮಾಡುತ್ತಾಳೆ. ಚಿಕ್ಕೋಡಿಗೆ ಹೋಗುವುದು ನಮ್ಮಿಬ್ಬರಿಗೂ ಆಗದ ಮಾತು. ಹಾಗಾಗಿ ಮಧ್ಯಾಹ್ನದ ನಮಾಜು ಮುಗಿದು ಮನೆಯವರೆಲ್ಲ ಅಡ್ಡಾದ ಹೊತ್ತಿಗೆ ಅವಳು ಫೋನ್ ಮಾಡುವುದೆಂದಾಯಿತು. ನಾನು ತಸ್ಬೀ ಮಣಿಸರ ಹಿಡಿದು ಬಾಗಿಲಿಗೆ ಬೆನ್ನು ಕೊಟ್ಟು ಕೂರುತ್ತಿದ್ದೆ. ಫ್ಯಾನು ಜೋರಾಗಿ ತಿರುಗುತ್ತಿತ್ತು. ಸ್ಟೇಶನ್ನಿನ ಕಡೆಯಿಂದ ರೈಲಿನ ಸದ್ದು ಬಂದಾಗ ಅರ್ಶಿಯಾ ಧೈರ್ಯದ ಮಾತುಗಳನ್ನೆಲ್ಲ ಬೇಗ ಬೇಗ ಆಡಿಬಿಡುತ್ತಿದ್ದಳು.

ಶೈಲಾ ಮೊದಲು ಸೇತುವೆಯ ಬಗ್ಗೆಯೇ ಕೇಳಿದಳು, ಸುತ್ತಿಬಳಸದೆ. "ಸಾಯಬೇಕು ಅನಸ್ತೈತೇನು?" ನಾನು ಗಾಬರಿಯಾದೆ. ಅರ್ಶಿಯಾ ಆಗಲಿಲ್ಲ. ಯಾರಾದರೂ ಕೇಳಲಿ ಎಂದೇ ಕಾದಿದ್ದವಳಂತೆ ಹೇಳಿದಳು. ಅಂಥ ಹೊತ್ತು ಬಂದರೆ ಮೊದಲು ನನ್ನನ್ನು ಎಬ್ಬಿಸಬೇಕು, ಆಮೇಲೆ ಶೈಲಾಗೆ ಫೋನ್ ಮಾಡಬೇಕು ಎಂದು ಇಬ್ಬರೂ ಮಾತು ಕೊಟ್ಟೆವು. ಹೆದರಿಕೆ ಏರಿದಾಗ ಸುತ್ತಲಿರುವ ವಸ್ತುಗಳನ್ನು ಮುಟ್ಟಿ ಮುಟ್ಟಿ ಹೆಸರು ಹೇಳುವುದನ್ನು ಕಲಿಸಿದಳು. ನೆಲ. ಗೋಣಿ. ತಂಬಿಗೆ. ಗೋಡೆ.

"ಮೇಡಂ, ನಾ ಏನು ಅಂತ ನೀವ ಹೇಳಿಬಿಡ್ರಿ," ಎಂದು ಅರ್ಶಿಯಾ ಒಮ್ಮೆ ಗೋಗರೆದಳು.

"ಅದನ್ನ ನಾ ಹೆಂಗ ಹೇಳ್ಲಿ? ನೀ ಹುಡುಕೂವಾಗ ನಿನ್ನ ಜೋಡಿ ಕೂತಿರತೇನಿ. ಅದಷ್ಟ ನನ್ನ ಕೆಲಸ. ಅವಸರೇನಿಲ್ಲ. ನಿನ್ನ ಏನಂತ ಕರೀಲಿ?"

ಅಂದು ಉತ್ತರ ಬರಲಿಲ್ಲ. ಮುಂದಿನ ವಾರ ಬಂತು. "ತನ್ವೀರ ಅನ್ರಿ. ನಮ್ಮಲ್ಲಿ ಗಂಡಸರಿಗೂ ಇಡ್ತಾರ, ಹೆಂಗಸರಿಗೂ ಇಡ್ತಾರ."

"ಅವನು ಅನ್ಲೊ, ಅವಳು ಅನ್ಲೊ?"

"ಸದ್ಯ ಹೆಸರೊಂದು ಸಾಕ್ರಿ. ಉಳದದ್ದು ಹೆಂಗೈತೊ ಹಂಗ ಇರ್ಲಿ."

ಹಾಗಾಗಿ ಆ ಕೋಣೆಯಲ್ಲಿ ಅವಳು ತನ್ವೀರ. ಹೊರಗೆ ಅರ್ಶಿಯಾ. ಹೊಸ್ತಿಲು ದಾಟುವಾಗ ಓಢಣಿ ಸರಿಪಡಿಸಿಕೊಂಡು, ಮುಖವನ್ನೂ ಸರಿಪಡಿಸಿಕೊಂಡು ಹೋಗುತ್ತಿದ್ದಳು.

ಆ ಹೆಸರನ್ನು ಬಾಯಿಬಿಟ್ಟು ಹೇಳಿ ನೋಡು, ಮೈಯಲ್ಲಿ ಹೇಗೆ ಕೂಡುತ್ತದೆ ನೋಡು ಎಂದು ಶೈಲಾ ಒಮ್ಮೆ ಹೇಳಿದಳು. ತನ್ವೀರ ಎದ್ದು ನಿಂತಳು. ಗಂಟಲು ಸರಿಮಾಡಿಕೊಂಡಳು. "ನಾ ತನ್ವೀರ," ಎಂದಳು. ಹೊರಬಂದ ದನಿ ಅವಳ ದಿನದ ದನಿಯಲ್ಲ. ದಪ್ಪಗೆ, ಎದೆಯಿಂದ ಬಂದದ್ದು. ಮನೆಯಲ್ಲಿ ಯಾರಿಗೂ ಕೇಳದಂತೆ ಎಷ್ಟು ವರ್ಷದಿಂದ ಒಳಗೆ ಇಟ್ಟುಕೊಂಡಿದ್ದಳೋ.

ನನ್ನ ಕೈಯ ತಸ್ಬೀ ಜಾರಿತು. ಅದು ಜುನೇದನ ದನಿ. ಒಂದೇ ತಾಯಿಯ ಮಕ್ಕಳು, ಆಶ್ಚರ್ಯಪಡಬೇಕಾದ್ದಲ್ಲ. ಆದರೂ ನಾನು ಗೋಡೆಗೆ ಮುಖ ಮಾಡಿ ಬಹಳ ಹೊತ್ತು ಕೂತೆ. ತನ್ವೀರ ಹತ್ತಿರ ಬಂದು, "ಚಲೊ ಕೇಳಸಲಿಲ್ಲೇನು ಭಾಬಿ?" ಎಂದಳು. "ಚಲೊ ಕೇಳಿಸ್ತು," ಎಂದೆ.

ಶೈಲಾ ಇನ್ನೊಂದು ಮಾತು ಹೇಳಿದ್ದಳು, ನನಗೆ. "ತನ್ವೀರ ತನ್ನ ಬಗ್ಗೆ ಯಾರಿಗೆ ಯಾವಾಗ ಹೇಳಬೇಕು ಅನ್ನೂದು ತನ್ವೀರನ ಕೈಯಾಗೈತಿ. ಫರಹತ, ಅದು ನೀ ಹೇಳೂ ಮಾತಲ್ಲ. ಎಂಥಾ ಹೊತ್ತು ಬಂದ್ರೂ."

ಹೂಂ ಎಂದಿದ್ದೆ. ಎಂಥ ಹೊತ್ತು ಬರಬಹುದೆಂದು ಆಗ ಯೋಚಿಸಿರಲಿಲ್ಲ.

ತಾರವ್ವನ ಮಾತಾದ ಮರುದಿನ ಅತ್ತೆ ಬೆಳ್ಳುಳ್ಳಿಯ ಮೊರ ತೆಗೆದುಕೊಂಡು ಬಂದು ನನ್ನ ಬಾಗಿಲ ಎದುರು ಕೂತರು. ಅಲ್ಲಿ ಗಾಳಿಯಿಲ್ಲ, ಬೆಳಕಿಲ್ಲ. ಆದರೂ ಅಲ್ಲೇ ಕೂತರು. ಅದರ ಮರುದಿನವೂ. ಬೆಳ್ಳುಳ್ಳಿ ಮುಗಿದ ಮೇಲೆ ಅಕ್ಕಿ, ಅಕ್ಕಿ ಆದ ಮೇಲೆ ಶೇಂಗಾ. ಒಳಗೆ ನಾವು ಪಿಸುಗುಡುವುದನ್ನೂ ಬಿಟ್ಟೆವು. ಶೈಲಾಳ ಫೋನ್ ಬಂದರೆ ಕತ್ತರಿಸುತ್ತಿದ್ದೆ. "ನೀವಿಬ್ಬರೂ ಆರಾಮ ಇದ್ದೀರಾ?" ಎಂದು ಮೆಸೇಜು ಬರುತ್ತಿತ್ತು. "ಸದ್ಯಕ್ಕೆ" ಎಂದು ಬರೆದು ಅಳಿಸಿಹಾಕುತ್ತಿದ್ದೆ.

ಒಂದು ಸಂಜೆ ಮಾವ ಬಾಗಿಲಾಚೆಯಿಂದ ಕೆಮ್ಮಿದರು.

"ಫರಹತ ಬೇಟಾ, ಫೋನ್ ಸ್ವಲ್ಪ ಕೊಡವಾ. ನಂದರಾಗ ಚಾರ್ಜ್ ಇಲ್ಲ."

ಕೊಟ್ಟೆ. ಕೊಡದೆ ಇರುವುದು ಹೇಗೆ? ಅಡುಗೆಮನೆಯ ಕಡೆಯಿಂದ ಅವರಿಬ್ಬರ ಮಾತು ಕೇಳಿಸಿತು.

"ಶೈಲಾ, ಚಿಕ್ಕೋಡಿ ಅಂತ ಐತಿ. ಬರೇ ಅದ ನಂಬರು. ಇಕಿ ಅಪ್ಪಂದು ಒಂದೀಟು."

"ಶೈಲಾ ಅಂತ ಬರಕೊಂಡ್ರ ಶೈಲಾನ ಇರಬೇಕಂತೇನು? ನಿಮಗ ಗೋಣಿಚೀಲ ಬಿಟ್ರ ಏನೂ ತಿಳಿಯೂದಿಲ್ಲ."

"ಹಂಗಲ್ಲ ಬೇ. ಹುಡುಗಿ ಚಲೊ ಅದಾಳ."

"ಚಲೊ ಇದ್ದಾಕಿ ನನ್ನ ಮಗ ಸತ್ತಾಗ ಒಂದು ಹನಿ ಕಣ್ಣೀರು ಹಾಕಲಿಲ್ಲ."

ಅದು ನಿಜ. ಅವರ ಲೆಕ್ಕದಲ್ಲಿ ಎಲ್ಲವೂ ಸರಿಯಾಗಿ ಕೂಡುತ್ತಿತ್ತು: ಅಳದ ಸೊಸೆ, ಚಿಲಕ ಹಾಕಿದ ಬಾಗಿಲು, ಗಂಡಸಿನ ದನಿ. ಇದ್ದತ್ತಿನ ನಡುವೆಯೇ ನನ್ನನ್ನು ನಿಪ್ಪಾಣಿಗೆ ಕಳಿಸಿದರೆ ನನ್ನಪ್ಪ ಓಣಿಯಲ್ಲಿ ತಲೆ ಎತ್ತಲಾರ. ಆದರೆ ನನ್ನ ಹೆದರಿಕೆ ಅದಕ್ಕಲ್ಲ. ನಾನು ಹೋದರೆ ಈ ಕೋಣೆ ಹೋಗುತ್ತದೆ. ಮೂಲೆಯ ಚೀಲಗಳು ಮತ್ತೆ ಕೋಣೆ ತುಂಬುತ್ತವೆ. ತನ್ವೀರ ಎಲ್ಲಿ ನಿಲ್ಲಬೇಕು? ಅಥಣಿಯವರ ಎದುರು, ಚಹಾದ ಟ್ರೇ ಹಿಡಿದು. ಅಥಣಿಗೆ ಹೋಗುವ ದಾರಿಯಲ್ಲಿ ಆ ಸೇತುವೆ ಇದೆ.

"ನಾ ಹೇಳಿಬಿಡ್ತೇನಿ," ಎಂದಳು ತನ್ವೀರ, ಅಂದು ನನ್ನ ಕಿವಿಯಲ್ಲಿ. ಹಲ್ಲು ಕಟಕಟ ಅನ್ನುತ್ತಿದ್ದವು. ಮೇ ತಿಂಗಳ ಸೆಕೆಯಲ್ಲಿ.

"ನಿನಗ ಹೇಳಬೇಕು ಅನಿಸಿ ಹೇಳೂದು ಬ್ಯಾರೆ. ನನ್ನ ಉಳಿಸಾಕ ಹೇಳೂದು ಬ್ಯಾಡ."

"ಹೊರಗ ಹಾಕ್ತಾರೇನು?"

ಗೊತ್ತಿಲ್ಲ ಎಂದೆ. ಗೊತ್ತಿರಲಿಲ್ಲ. ಹಾಗೇನಾದರೂ ಆದರೆ ಚಿಕ್ಕೋಡಿ ಬಸ್ ಸ್ಟ್ಯಾಂಡಿನಲ್ಲಿ ಇಳಿದು ಫೋನ್ ಮಾಡಿರಿ, ನಾನು ಬಂದು ಕರೆದುಕೊಂಡು ಹೋಗುತ್ತೇನೆ ಎಂದು ಶೈಲಾ ಹೇಳಿಟ್ಟಿದ್ದಳು. ಒಂದು ಜೋಡಿ ಬಟ್ಟೆಯನ್ನು ಚೀಲವೊಂದರಲ್ಲಿ ಹಾಕಿ ಗೋಣಿಗಳ ಹಿಂದೆ ಇಟ್ಟೆವು. ಅದನ್ನು ನೋಡಿದಾಗಲೆಲ್ಲ ಇನ್ನಷ್ಟು ಹೆದರಿಕೆಯಾಗುತ್ತಿತ್ತು.

ಅತ್ತೆ ಒಳಗೆ ಬಂದದ್ದು ಶುಕ್ರವಾರ. ಮಾವ ಮಸೀದಿಗೆ ಹೋಗಿದ್ದರು. ತನ್ವೀರ ಗೋಣಿ ಒಟ್ಟಿಲ ಮೇಲೆ ಕೂತು ಒಣಗಿದ ಬಟ್ಟೆ ಮಡಚುತ್ತಿದ್ದಳು. ಅತ್ತೆ ಅವಳತ್ತ ನೋಡಲೂ ಇಲ್ಲ. ಮನೆಯಲ್ಲಿ ಅವರ ಮಾತು ಉರ್ದು, ಕನ್ನಡ ಎರಡೂ. ಸಿಟ್ಟು ಬಂದಾಗ ಬರೀ ಕನ್ನಡ. ಅಂದು ಕನ್ನಡದಲ್ಲೇ ಶುರು ಮಾಡಿದರು.

"ಯಾಂವ ಅಂವ?"

ನಾನು ಎದ್ದು ನಿಂತೆ.

"ನಿನ್ನ ಕೇಳಾಕತ್ತೇನಿ. ಯಾಂವ ಬರ್ತಾನ ಈ ಕೋಣಿಗೆ? ಹಿತ್ತಲಿಂದ ಬರ್ತಾನೊ, ಫೋನಿನ್ಯಾಗ ಬರ್ತಾನೊ? ನನ್ನ ಮಗನ ಕಬರಿನ ಮಣ್ಣು ಇನ್ನ ಹಸಿ ಐತಿ."

"ಯಾರೂ ಬಂದಿಲ್ಲ ಅಮ್ಮಿ."

"ತಾರವ್ವ ಸುಳ್ಳ ಹೇಳಿದ್ಳ? ಅವತ್ತ ಬಟ್ಟಿ ಒಣಹಾಕಾಕ ಹೋಗೂವಾಗ ನಾನೂ ಕೇಳೇನಿ, ಈ ಬಾಗಿಲಾಗ ನಿಂತು. ನಗಾಕತ್ತಿದ್ದ. ನನ್ನ ತಲಿ ಮ್ಯಾಲ ಕೈ ಇಟ್ಟು ಹೇಳು, ಗಂಡಸಿನ ದನಿ ಇರಲಿಲ್ಲ ಅಂತ."

ನನ್ನ ಕೈ ಎತ್ತಿ ತಮ್ಮ ತಲೆಯ ಮೇಲೆ ಇಟ್ಟುಕೊಂಡರು. ಅವರ ಕೂದಲು ಬೆವರಿನಿಂದ ಒದ್ದೆಯಾಗಿತ್ತು. ದನಿ ಇತ್ತು. ಇರಲಿಲ್ಲ ಎಂದು ಅವರ ತಲೆ ಮುಟ್ಟಿ ಹೇಳಲಾರೆ. ಇತ್ತು ಎಂದರೆ ಯಾರದು ಎಂದು ಹೇಳಬೇಕು. ಅದು ನಾನು ಹೇಳುವ ಮಾತಲ್ಲ. ನೆಲ, ಎಂದುಕೊಂಡೆ. ಗೋಣಿ. ತಂಬಿಗೆ. ಗೋಡೆ.

"ಹೇಳು!"

ಅತ್ತೆ ನನ್ನ ಕೈ ಕಿತ್ತು ಬಿಸಾಡಿದಂತೆ ಬಿಟ್ಟರು.

"ಮುಗೀತು. ಅವರು ನಮಾಜಿಂದ ಬರ್ಲಿ. ನಿಪ್ಪಾಣಿಗೆ ಫೋನ್ ಮಾಡಸ್ತೇನಿ. ನಿಮ್ಮಪ್ಪ ಬಂದು ಕರಕೊಂಡು ಹೋಗ್ಲಿ."

ಅವರು ಬಾಗಿಲ ಕಡೆ ತಿರುಗಿದಾಗ ಹಿಂದಿನಿಂದ ದನಿ ಬಂತು.

"ಅಮ್ಮಿ. ಆ ದನಿ ನಂದು."

ದಪ್ಪ ದನಿ. ಎದೆಯಿಂದ ಬಂದದ್ದು. ಅತ್ತೆ ತನ್ವೀರಳತ್ತ ತಿರುಗಲಿಲ್ಲ. ಬಾಗಿಲ ಚೌಕಟ್ಟನ್ನು ನೋಡಿದರು. ಜುನೇದ ಚೀಲ ಒಟ್ಟಿ ಬಂದು ಬೆವರು ಒರೆಸುತ್ತ ಒರಗುತ್ತಿದ್ದ ಜಾಗವನ್ನು. ಅಲ್ಲಿ ಯಾರೂ ಇರಲಿಲ್ಲ. ಆಮೇಲೆ ಮೆಲ್ಲಗೆ ತಿರುಗಿ ನೆಲದ ಮೇಲೆ ಕೂತುಬಿಟ್ಟರು.

"ಮತ್ತೊಮ್ಮೆ ಅನ್ನು."

"ಏನನ್ನ?"

"ಅಮ್ಮಿ ಅನ್ನು."

"ಅಮ್ಮಿ."

ಅತ್ತೆ ಅತ್ತದ್ದನ್ನು ನಾನು ನೋಡಿದ್ದೆ, ಜನರ ನಡುವೆ, ಎದೆ ಬಡಿದುಕೊಂಡು. ಈ ಅಳು ಬೇರೆ. ಸದ್ದೇ ಇರಲಿಲ್ಲ. ಬಹಳ ಹೊತ್ತಿನ ಮೇಲೆ ಮೂಗು ಒರೆಸಿಕೊಂಡು ತನ್ವೀರಳನ್ನು ನೋಡಿದರು. ಅವರ ಕಣ್ಣಲ್ಲಿ ಇದ್ದದ್ದು ಸಿಟ್ಟಲ್ಲ, ಹೊಟ್ಟೆಕಿಚ್ಚು.

"ಭಾಬಿ ಸಲುವಾಗಿ ಮಾಡಾಕತ್ತಿದ್ದೇನು ಇದನ್ನ? ಅಕಿಗೆ ಸಮಾಧಾನ ಆಗ್ಲಿ ಅಂತ? ಅಣ್ಣನ ದನಿ ತಗದು? ನನಗ್ಯಾಕ ಒಮ್ಮೆರೆ ಕೇಳಸಲಿಲ್ಲ ನೀ?"

ತನ್ವೀರ ನನ್ನತ್ತ ನೋಡಿದಳು. ನಾನು ಅವಳತ್ತ ನೋಡಿದೆ. ನಮ್ಮಿಬ್ಬರಿಗೂ ತೋಚದ ಸುಳ್ಳೊಂದನ್ನು ಅವರೇ ತಂದು ನಮ್ಮ ಎದುರು ಇಟ್ಟಿದ್ದರು. ಇಲ್ಲ ಎನ್ನಲು ಆಗಲಿಲ್ಲ. ನಿಪ್ಪಾಣಿಗೆ ಫೋನ್ ಹೋಗಲಿಲ್ಲ.

ಅಂದಿನಿಂದ ಅತ್ತೆ ಮಧ್ಯಾಹ್ನ ನಮ್ಮ ಜೊತೆಯೇ ಕೂರತೊಡಗಿದರು. ಬಾಗಿಲು ಹಾಕಿಕೊಂಡು. "ಅಂವ ಚಾ ಹೆಂಗ ಕೇಳ್ತಿದ್ದ, ಹಂಗ ಕೇಳು," ಎನ್ನುತ್ತಿದ್ದರು. ತನ್ವೀರ ಕೇಳುತ್ತಿದ್ದಳು. "ಸಕ್ಕರಿ ಕಡಿಮಿ ಆಗೈತಿ ಅನ್ನು. ಹಂಗಲ್ಲ, ಸಿಟ್ಟೀಲೆ." ಅನ್ನುತ್ತಿದ್ದಳು. ಅತ್ತೆ ಕಣ್ಣು ಮುಚ್ಚಿ ನಗುತ್ತಿದ್ದರು. ನಾನು ತಸ್ಬೀ ಎಣಿಸುತ್ತಿದ್ದೆ. ನನ್ನ ಗಂಡನ ದನಿ ಕೋಣೆಯಲ್ಲಿ ಓಡಾಡುತ್ತಿತ್ತು. ಅದನ್ನು ಆಡುತ್ತಿದ್ದವಳು ದಿನದಿನಕ್ಕೆ ಸೊರಗುತ್ತಿದ್ದಳು.

ಅತ್ತೆ ಸಂತೆಗೆ ಹೋದ ದಿನ ಶೈಲಾಗೆ ಫೋನ್ ಹಚ್ಚಿದೆವು.

"ಮೇಡಂ, ಮೊದಲು ಹುಡುಗಿ ಆಗಿ ನಟಿಸ್ತಿದ್ದೆ. ಈಗ ಸತ್ತಾಂವ ಆಗಿ ನಟಸಾಕತ್ತೇನಿ. ಅಮ್ಮಿ ನನ್ನ ದನಿ ಕೇಳಿ ಖುಷಿ ಆಗ್ಯಾಳ. ಆದ್ರ ಅಲ್ಲಿ ನಾ ಇಲ್ಲ."

"ಹೆದರಿಕಿ ಎಲ್ಲಿ ಕೂತೈತಿ ಈಗ?"

"ಗಂಟಲಾಗ."

"ಹೇಳಿದ್ರ ಏನಾಗಬಹುದು, ಹೇಳದಿದ್ರ ಏನಾಗಬಹುದು, ಎರಡನ್ನೂ ಇಟಗೊಂಡು ನೋಡೂಣು. ಇವತ್ತ ಹೇಳಬೇಕು ಅಂತಿಲ್ಲ. ಎಂದೂ ಹೇಳಬಾರದು ಅಂತನೂ ಇಲ್ಲ."

ಬಹಳ ಹೊತ್ತು ಇಬ್ಬರೂ ಆ ಎರಡನ್ನೂ ಇಟ್ಟುಕೊಂಡು ನೋಡಿದರು. ನಾನು ಕೇಳುತ್ತ ಕೂತಿದ್ದೆ. ಹೇಳಿದರೆ ಆಗಬಹುದಾದದ್ದೆಲ್ಲ ಭಯಂಕರವಾಗಿತ್ತು. ಹೇಳದಿದ್ದರೆ ಆಗುವುದೂ ಅಷ್ಟೇ. ಒಂದೇ ಬದಲಾವಣೆ: ಈಗ ತನ್ವೀರ ಅವನ್ನು ಹೆಸರು ಹಿಡಿದು ಹೇಳುತ್ತಿದ್ದಳು, ತಂಬಿಗೆ ಗೋಡೆ ಎಂದು ಹೇಳಿದ ಹಾಗೆ.

ಇದ್ದತ್ ಮುಗಿಯುವ ಹೊತ್ತಿಗೆ ಅಥಣಿಯಿಂದ ಸುದ್ದಿ ಬಂತು. ಈ ಭಾನುವಾರ ಬರುತ್ತಾರಂತೆ. ಅತ್ತೆ ಹಸಿರು ರೇಷ್ಮೆಯ ಸಲ್ವಾರ್ ಕಮೀಜನ್ನು ತೋಳ ಮೇಲೆ ಹಾಕಿಕೊಂಡು, ಇನ್ನೊಂದು ಕೈಯಲ್ಲಿ ಚಹಾ ಹಿಡಿದು ಒಳಗೆ ಬಂದರು.

"ತಗೊ, ಚಾ ಕುಡಿ. ಆಮ್ಯಾಲ ಇದನ್ನ ಹಾಕ್ಕೊಂಡು ತೋರಸು. ಅದಕ್ಕಿಂತ ಮೊದಲ ಒಮ್ಮೆ ಅಂವನಂಗ ಅನ್ನು, ಅಮ್ಮಿ ಚಾ ಅಂತ."

ತನ್ವೀರ ಕಪ್ಪು ತೆಗೆದುಕೊಂಡಳು. ಚಹಾ ತುಳುಕಿ ಅವಳ ಬೆರಳ ಮೇಲೆ ಬಿತ್ತು. ಕಪ್ಪು ಕೆಳಗಿಟ್ಟಳು.

"ಅಮ್ಮಿ, ನಾ ಜುನೇದ ಅಲ್ಲ."

"ಗೊತ್ತೈತಿ ಬಿಡು, ನಾ ಏನ್ ಹುಚ್ಚಿ ಆಗೇನೇನು?"

"ಈ ದನಿ ಅಣ್ಣಂದಲ್ಲ. ನಂದು. ಅಂವ ಇದ್ದಾಗೂ ಇತ್ತು. ಭಾಬಿ ಸಲುವಾಗಿ ತಗದಿಲ್ಲ ನಾ. ಅಮ್ಮಿ, ನಂಗ ಹುಡುಗಿ ಅಂತ ಅನಿಸೂದಿಲ್ಲ. ಏನು ಅಂತ ಇನ್ನ ಪೂರಾ ಗೊತ್ತಿಲ್ಲ. ಗೊತ್ತಾಗೂತನಕ ನಂಗ ಮದಿವಿ ಬ್ಯಾಡ. ಈ ಕೋಣ್ಯಾಗ ನನ್ನ ಹೆಸರು ತನ್ವೀರ."

ಎಲ್ಲವನ್ನೂ ಆ ದನಿಯಲ್ಲೇ ಹೇಳಿದಳು. ನಡುವೆ ಎರಡು ಕಡೆ ದನಿ ಒಡೆಯಿತು. ನಿಲ್ಲಿಸಲಿಲ್ಲ.

ಅತ್ತೆ ಕೈಯಲ್ಲಿದ್ದ ಹಸಿರು ಬಟ್ಟೆಯನ್ನು ನೋಡಿದರು. ಆಮೇಲೆ ನನ್ನನ್ನು.

"ಇಕಿ ಕಲಿಸಿದ್ಳು?"

"ಯಾರೂ ಕಲಿಸಿಲ್ಲ. ಭಾಬಿ ಬಾಗಿಲಾ ಕಾದಾಳ ಅಷ್ಟ. ನೀ ತಲಿ ಮ್ಯಾಲ ಕೈ ಇಡಿಸಿದಾಗೂ ಅಕಿ ನನ್ನ ಹೆಸರು ಹೇಳಲಿಲ್ಲ."

ಅತ್ತೆ ಹೊರಗೆ ಹೋದರು. ಬಾಗಿಲು ಎಳೆದುಕೊಂಡರು. ಮರುಕ್ಷಣ ಹೊರಗಿನ ಕೊಂಡಿ ಬಿದ್ದ ಸದ್ದು.

ಆ ಬಾಗಿಲಿಗೆ ಹೊರಗೂ ಒಂದು ಕೊಂಡಿ ಇದೆ ಎಂಬುದನ್ನೇ ನಾವು ಮರೆತಿದ್ದೆವು. ಗೋಣಿಚೀಲ ಇಡುತ್ತಿದ್ದ ಕಾಲದ್ದು. ತನ್ವೀರ ಹೋಗಿ ಬಾಗಿಲು ದೂಡಿದಳು. ಅಲುಗಲಿಲ್ಲ. ಗೋಣಿಗಳ ಹಿಂದೆ ಇಟ್ಟಿದ್ದ ಬಟ್ಟೆಯ ಚೀಲವನ್ನು ನೋಡಿದೆ. ಏನು ಉಪಯೋಗ? ಫೋನ್ ಕೈಯಲ್ಲಿತ್ತು. ಶೈಲಾಳ ಹೆಸರು ತೆಗೆದು ಬೆರಳನ್ನು ಅದರ ಮೇಲೆ ಇಟ್ಟುಕೊಂಡು ಕೂತೆ. ತನ್ವೀರ ನನಗೆ ಒತ್ತಿಕೊಂಡು ಕೂತಳು.

ಮುಂಬಾಗಿಲಲ್ಲಿ ಮಾವನ ಚಪ್ಪಲಿ ಸದ್ದು. ಅತ್ತೆ ಅವರ ಹತ್ತಿರ ಹೋಗಲಿಲ್ಲ. ಹಿತ್ತಲ ಬಾಗಿಲು ತೆರೆಯಿತು. ನೀರು ಸುರಿದ ಸದ್ದು, ಮುಖ ತೊಳೆದ ಸದ್ದು. ಗೋಡೆಯಾಚೆಯಿಂದ ತಾರವ್ವ.

"ಅಕ್ಕಾರ, ಇವತ್ತೂ ಆ ದನ್ಯಾಗ ಯಾರೊ ಮಾತಾಡಿದ್ರಲ್ಲ. ಯಾರ್ರಿ ಅದು? ಬೀಗರೇನು?"

ತನ್ವೀರಳ ಉಗುರು ನನ್ನ ಅಂಗೈಗೆ ನೆಟ್ಟಿತು. ಅತ್ತೆ ಮಗ್ಗು ಕೆಳಗಿಟ್ಟ ಸದ್ದು ಕೇಳಿತು.

"ಬೀಗರಲ್ಲ. ನಮ್ಮನಿ ಮಂದಿನ. ಸಂಡಿಗಿ ನೋಡಕೊ ತಾರವ್ವ, ಕಾಗಿ ಬಂದಾವ."

ಒಳಗೆ ಬಂದ ಮೇಲೆ ಮಾವನೊಡನೆ ಆಡಿದ್ದೂ ಕೇಳಿಸಿತು.

"ಅಥಣಿಯವರಿಗೆ ಈ ವಾರ ಬರೂದು ಬ್ಯಾಡ ಅಂತ ಹೇಳ್ರಿ."

"ಯಾಕ? ನೀನ ಅಲಾ, ಲಗೂ ಬರ್ಲಿ ಅಂದಾಕಿ?"

"ಅಕಿಗೆ ಆರಾಮಿಲ್ಲ."

"ಏನಾಗೈತಿ? ದವಾಖಾನಿಗೆ ಕರಕೊಂಡು ಹೋಗೂಣೇನು?"

"ಆರಾಮಿಲ್ಲ ಅಂದ್ನೆಲ್ಲ. ಎಲ್ಲಾ ಬಿಡಿಸಿ ಕೇಳಬ್ಯಾಡ್ರಿ. ಆ ಕೋಣಿ ಕಡೆ ಯಾರೂ ಹೋಗಬ್ಯಾಡ್ರಿ."

ಅಷ್ಟೇ. ಕೊಂಡಿ ಹಾಗೇ ಇತ್ತು. ನಮ್ಮನ್ನು ಕೂಡಿಹಾಕಿದ್ದೋ, ಬೇರೆಯವರು ಬಾರದಂತೆ ಹಾಕಿದ್ದೋ, ನನಗೆ ತಿಳಿಯಲಿಲ್ಲ. ಇಳಿಹೊತ್ತಿನ ಅಸರ್ ನಮಾಜಿನ ಹೊತ್ತಿಗೆ ಅತ್ತೆಯೇ ತೆಗೆದರು. ಕೈಯಲ್ಲಿ ಚಹಾ. ತನ್ವೀರಳ ಮುಂದೆ ಇಟ್ಟು, "ಏ, ತಗೊ. ಅದು ಆರಿ ಹೋಗಿತ್ತು," ಎಂದರು. ಹೆಸರು ಹಿಡಿಯಲಿಲ್ಲ. ಅಂದಿನಿಂದ ಅರ್ಶಿಯಾ ಎಂದೂ ಕರೆದಿಲ್ಲ, ತನ್ವೀರ ಎಂದೂ ಕರೆದಿಲ್ಲ. ಏ, ಎನ್ನುತ್ತಾರೆ. ಜುನೇದನಂತೆ ಮಾತಾಡು ಎಂದು ಮತ್ತೆ ಕೇಳಿಲ್ಲ. ಹಸಿರು ಕಮೀಜು ಎಲ್ಲಿ ಹೋಯಿತೋ.

ನನ್ನ ಇದ್ದತ್ ಮುಗಿಯಿತು. ಅಪ್ಪ ನಿಪ್ಪಾಣಿಯಿಂದ ಬಂದು ಕರೆದರು. ಸ್ವಲ್ಪ ದಿನ ಬಿಟ್ಟು ಬರುತ್ತೇನೆ ಎಂದೆ. ಅಪ್ಪ ಅತ್ತೆಯ ಮುಖ ನೋಡಿದರು. ಅತ್ತೆ ತಲೆಯ ಮೇಲಿನ ಸೆರಗು ಸರಿ ಮಾಡಿಕೊಂಡು, "ಇರ್ಲಿ ಬಿಡ್ರಿ, ಕೋಣಿ ಏನ್ ಯಾರಿಗೂ ಬೇಕಾಗಿಲ್ಲ," ಎಂದರು.

ಮಾವನಿಗೆ ಇನ್ನೂ ಏನೂ ಗೊತ್ತಿಲ್ಲ. ಅಥಣಿಯವರು ಮತ್ತೆ ಫೋನ್ ಮಾಡಿದ್ದಾರೆ. ರಾತ್ರಿ ತನ್ವೀರ ಮಗ್ಗುಲು ಬದಲಿಸಿದರೂ ನನಗೆ ಎಚ್ಚರವಾಗುತ್ತದೆ.

ಈ ಮಧ್ಯಾಹ್ನ ಶೈಲಾಳ ಫೋನ್ ಬರುವ ಹೊತ್ತಿಗೆ ಅತ್ತೆ ಬೆಳ್ಳುಳ್ಳಿಯ ಮೊರ ತಂದು ನಮ್ಮ ಬಾಗಿಲ ಎದುರು ಕೂತರು. ಬಾಗಿಲ ಸಂದಿಯಿಂದ ನೋಡಿದೆ. ಈ ಸಲ ಅವರು ನಮ್ಮ ಕಡೆ ಮುಖ ಮಾಡಿರಲಿಲ್ಲ. ಬೆನ್ನು ನಮಗೆ, ಮುಖ ಪಡಸಾಲೆಯ ಕಡೆ.

"ಕರೆಂಟ್ ಹೋಗೈತಿ. ಸಣ್ಣಾಗಿ ಮಾತಾಡ್ರಿ," ಎಂದರು, ತಿರುಗದೆ.

ಫೋನ್ ನಡುಗುತ್ತಿತ್ತು. ತನ್ವೀರಳಿಗೆ ಕೊಟ್ಟೆ.